ತೊಟ್ಟಿಗೆ ಸುರಿದ ನೀರು

ಲಾ ಹೋಯಾ
19 ಏಪ್ರಿಲ್ 2020

ಪ್ರೀತಿಯ ಅಸ್ಗರ್ ಅಂಕಲ್‌ಗೆ,

ಸೌಜನ್ಯಳ ನಮಸ್ಕಾರಗಳು. ಫೋನ್ ಮಾಡಿದರೆ ನಿಮಗೆ ನನ್ನ ಮಾತು ಕೇಳಿಸುವುದಿಲ್ಲ, ರಯೀಸಾ ಆಂಟಿ ನಡುವೆ ನಿಂತು ಕೂಗಿ ಹೇಳಬೇಕು. ಅದಕ್ಕಿಂತ ಕಾಗದವೇ ವಾಸಿ ಎಂದಿರಿ, ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ಏರ್‌ಪೋರ್ಟಿನಿಂದ ನೇರ ನಿಮ್ಮ ಮನೆಗೆ ಬಂದು ಹದಿನೈದು ದಿನ ಉಂಡವಳು ಇಷ್ಟಾದರೂ ಮಾಡಬೇಡವೇ?

ಲಾಕ್‌ಡೌನ್ ಶುರುವಾದ ಮೇಲೆ ನಮ್ಮ ಲ್ಯಾಬಿಗೆ ಕಾಲಿಡಲು ಅನುಮತಿ ಇರುವುದು ನನಗೊಬ್ಬಳಿಗೇ. ಪ್ರಾಣಿಗಳಿಗೆ ಮೇವು ಹಾಕಬೇಕಲ್ಲ. ಪ್ರಾಣಿ ಎಂದರೆ ನಗಬೇಡಿ. ಡ್ಯಾಫ್ನಿಯಾ ಎಂದು ಹೆಸರು, ನೀರಿನ ಚಿಗಟ ಎಂದೂ ಕರೆಯುತ್ತಾರೆ, ಎಳ್ಳುಕಾಳಿಗಿಂತ ಚಿಕ್ಕವು, ಸಿಹಿನೀರಿನಲ್ಲಿ ಕುಪ್ಪಳಿಸುತ್ತಾ ಪಾಚಿ ತಿಂದುಕೊಂಡಿರುತ್ತವೆ. ಮೀನಿನ ಮರಿಗಳು ಇವನ್ನು ತಿಂದು ಬದುಕುತ್ತವೆ. ಇವು ಸತ್ತರೆ ಕೆರೆ ಹಸಿರುಗಟ್ಟುತ್ತದೆ, ಮೀನು ಉಪವಾಸ ಬೀಳುತ್ತದೆ. ಚಳಿಯ ಸೀಮೆಯಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ, ಅದು ಹರಿದು ಕೆರೆ ಸೇರುತ್ತದೆ. ಎಷ್ಟು ಉಪ್ಪನ್ನು ಇವು ತಡೆದಾವು ಎನ್ನುವುದೇ ನನ್ನ ಕೆಲಸ.

ಇಲ್ಲಿ ಒಣಗಾಳಿ. ತೊಟ್ಟಿಗಳ ನೀರು ವಾರಕ್ಕೆ ಎರಡು ಬೆರಳು ಇಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಮೆಷೀನನ್ನು ಆಫ್ ಮಾಡಿ ಬೀಗ ಹಾಕಿಕೊಂಡು ಹೋಗಿದ್ದಾರೆ. ಹಾಗಾಗಿ ಅವುಗಳಿಗೆಂದೇ ಲವಣ ಬೆರೆಸಿಟ್ಟ ಕ್ಯಾನಿನ ನೀರನ್ನೇ ಸುರಿದು ತುಂಬಿಸುತ್ತೇನೆ. ತಳದ ಕಸ ತೆಗೆಯುವಾಗಲೂ ನೀರು ಚೆಲ್ಲುವುದಿಲ್ಲ, ಸೋಸಿ ಮತ್ತೆ ಅದಕ್ಕೇ ಹಾಕುತ್ತೇನೆ. ಎರಡು ದಿನಕ್ಕೊಮ್ಮೆ ನಲ್ಲಿ ಬರುತ್ತಿದ್ದ ಮನೆಯಲ್ಲಿ ಬೆಳೆದವಳಿಗೆ ನೀರು ಚೆಲ್ಲಲು ಕೈ ಬರುವುದಿಲ್ಲ ಅಂಕಲ್.

ನಿಮ್ಮ,
ಸೌಜನ್ಯ


ಸ್ಯಾನ್ ಪೀಡ್ರೊ
2 ಮೇ 2020

ಮಗಳೇ ಸೌಜನ್ಯ,

ಕಾಗದ ಓದಿ ರಯೀಸಾ, ಪಾಪ ಒಂಟಿ ಹುಡುಗಿ ಎಂದು ಕಣ್ಣೀರು ಹಾಕಿದಳು. ನನಗೆ ನಗು ಬಂತು. ಪಿಎಚ್.ಡಿ. ಮಾಡಿ ಚಿಗಟ ಸಾಕುತ್ತಿದ್ದೀಯ ಎಂದು ನಿನ್ನ ಅಮ್ಮನಿಗೆ ಗೊತ್ತೇ?

ಬಂದರಿನ ಕೆಲಸದಿಂದ ರಿಟೈರ್ ಆಗಿ ನಾಲ್ಕು ತಿಂಗಳಾಯಿತು, ಮನೆಯಲ್ಲಿ ಕೂತು ಮೈಯೆಲ್ಲ ಜಡ್ಡುಗಟ್ಟುತ್ತಿದೆ. ಬೆಟ್ಟದ ಮೇಲೆ ಗ್ರೇ ಪೈನ್ ಕೆರೆ ಇದೆಯಲ್ಲ, ನಿನ್ನ ಮೊದಲ ಚಳಿಗಾಲದಲ್ಲಿ ಹಿಮ ತೋರಿಸಲು ಕರೆದುಕೊಂಡು ಹೋಗಿದ್ದೆವು. ಅದರ ನೀರು ಪರೀಕ್ಷೆ ಮಾಡುವ ವಾಲಂಟಿಯರುಗಳ ಗುಂಪೊಂದಿದೆಯಂತೆ, ಸೇರಿಕೊಂಡೆ. ಲಾಕ್‌ಡೌನ್ ಮುಗಿದ ಮೇಲೆ ಬಲೆ ಎಳೆಯುವುದು ಕಲಿಸುತ್ತಾರೆ. ನಿನ್ನ ಚಿಗಟಗಳ ನೆಂಟರು ಅಲ್ಲಿ ಸಿಕ್ಕರೆ ಕ್ಷೇಮ ಕೇಳಿದಳು ಎನ್ನುತ್ತೇನೆ.

ನಿನ್ನ ಅಂಕಲ್,
ಅಸ್ಗರ್


ಲಾ ಹೋಯಾ
30 ಸೆಪ್ಟೆಂಬರ್ 2022

ಪ್ರೀತಿಯ ಅಂಕಲ್,

ಪೇಪರ್ ಪ್ರಕಟವಾಯಿತು! ಇದರ ಜೊತೆ ಒಂದು ಪ್ರತಿ ಇಟ್ಟಿದ್ದೇನೆ. ಲೀಟರಿಗೆ ನಾನೂರು ಮಿಲಿಗ್ರಾಮ್ ಕ್ಲೋರೈಡಿನವರೆಗೂ ಡ್ಯಾಫ್ನಿಯಾಗಳು ಎಂದಿನಂತೆ ಮರಿ ಹಾಕುತ್ತವೆ ಎಂದು ತೋರಿಸಿದ್ದೇನೆ. ಎಲ್ಲರೂ ಅಂದುಕೊಂಡದ್ದಕ್ಕಿಂತ ಇವು ಗಟ್ಟಿ. ಪ್ರೊಫೆಸರ್ ಖುಷಿಯಾಗಿದ್ದಾರೆ. ಅವರಿಗಿಂತ ಖುಷಿ ನನ್ನ ವಕೀಲೆಗೆ, ಗ್ರೀನ್ ಕಾರ್ಡ್ ಅರ್ಜಿಯನ್ನು ಈ ಪೇಪರಿನ ಮೇಲೆಯೇ ನಿಲ್ಲಿಸುತ್ತಾಳಂತೆ. 2024ರ ಜೂನ್‌ಗೆ ನನ್ನ ವೀಸಾದ ಆರು ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಅರ್ಜಿ ಪಾಸಾಗದಿದ್ದರೆ ಗಂಟುಮೂಟೆ ಕಟ್ಟಬೇಕು. ಇನ್ನು ಆ ಭಯವಿಲ್ಲ.

ಆಂಟಿಗೆ ಹೇಳಿ, ಮುಂದಿನ ತಿಂಗಳು ಬಂದು ಬಿರಿಯಾನಿ ವಸೂಲಿ ಮಾಡುತ್ತೇನೆ.

ಸೌಜನ್ಯ


ಸ್ಯಾನ್ ಪೀಡ್ರೊ
6 ಆಗಸ್ಟ್ 2023

ಸೌಜನ್ಯ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು.

ಗ್ರೇ ಪೈನ್ ಕೆರೆಯ ದಂಡೆಯಲ್ಲಿ ಬೆಟ್ಟದ ರಸ್ತೆ ಮಂಡಳಿಯವರ ಉಪ್ಪಿನ ರಾಶಿ ಇದೆ. ಮೇಲೆ ಸೂರಿಲ್ಲ, ಕೆಳಗೆ ಕಾಂಕ್ರೀಟಿಲ್ಲ. ಹಿಮ ಬಿದ್ದಾಗ ಲಾರಿಗೆ ತುಂಬಿ ರಸ್ತೆಗೆ ಎರಚುತ್ತಾರೆ, ಉಳಿದದ್ದು ಕರಗಿ ಕೆರೆಗೆ ಇಳಿಯುತ್ತದೆ. ಮೂರು ವರ್ಷದಿಂದ ತಿಂಗಳಿಗೆರಡು ಶನಿವಾರ ಬಲೆ ಎಳೆಯುತ್ತಿದ್ದೇನೆ. ಮೊದಲ ವರ್ಷ ಪ್ರತಿ ಬಾಟಲಿಯಲ್ಲೂ ನಿನ್ನ ಡ್ಯಾಫ್ನಿಯಾ ಕುಣಿಯುತ್ತಿದ್ದವು. ಈ ಬೇಸಿಗೆಯಲ್ಲಿ ಒಂದೂ ಇಲ್ಲ. ನೀರು ಬಟಾಣಿ ಸಾರಿನ ಬಣ್ಣಕ್ಕೆ ತಿರುಗಿದೆ. ಕ್ಲೋರೈಡ್ ಇನ್ನೂರ ಅರವತ್ತು.

ರಾಶಿಯನ್ನು ಅಲ್ಲೇ ಇನ್ನು ಹತ್ತು ವರ್ಷ ಇಟ್ಟುಕೊಳ್ಳಲು ಮಂಡಳಿ ಅನುಮತಿ ಕೊಡುವುದರಲ್ಲಿದೆ. ಕನ್ಸಲ್ಟಿಂಗ್ ಕಂಪನಿಯೊಂದರಿಂದ ವರದಿ ಬರೆಸಿದ್ದಾರೆ. ನಲವತ್ತೊಂದನೇ ಪುಟ ತೆರೆದರೆ ನಿನ್ನ ಹೆಸರು. ನಾನೂರರವರೆಗೆ ಅಪಾಯವಿಲ್ಲ ಎಂದು ಡಾ. ಸೌಜನ್ಯ ಸಾಬೀತು ಮಾಡಿದ್ದಾರಂತೆ, ಹಾಗಾಗಿ ಇನ್ನೂರ ಅರವತ್ತಕ್ಕೆ ಹೆದರಬೇಕಾಗಿಲ್ಲವಂತೆ. ನಮ್ಮ ಗುಂಪಿನವರ ಮುಂದೆ ಆ ಪುಟ ಓದುವಾಗ ಈ ಹುಡುಗಿ ನನಗೆ ಗೊತ್ತು ಎಂದು ಹೇಳಲು ನಾಚಿಕೆಯಾಯಿತು.

ಒಂದೇ ಪ್ರಶ್ನೆ. ಅವರು ನಿನ್ನ ಹತ್ತಿರ ಬಂದಿದ್ದರೇ? ದುಡ್ಡು ಕೊಟ್ಟು ಬರೆಸಿದರೇ?

ಅಸ್ಗರ್


ಲಾ ಹೋಯಾ
14 ಆಗಸ್ಟ್ 2023

ಅಸ್ಗರ್ ಅಂಕಲ್‌ಗೆ,

ನೀವು ಹಿರಿಯರು, ಅದಕ್ಕೇ ಕೊನೆಯ ಸಾಲನ್ನು ಓದಲಿಲ್ಲ ಎಂದುಕೊಳ್ಳುತ್ತೇನೆ. ನನ್ನನ್ನು ಯಾರೂ ಕೊಂಡುಕೊಂಡಿಲ್ಲ. ಆ ಕಂಪನಿಯ ಹೆಸರನ್ನೇ ನಾನು ಕೇಳಿಲ್ಲ.

ಒಂದು ಕೆರೆಯಲ್ಲಿ ಡ್ಯಾಫ್ನಿಯಾ ಕಾಣದಿರಲು ನೂರು ಕಾರಣಗಳಿರುತ್ತವೆ. ಮೀನು ಜಾಸ್ತಿಯಾಗಿರಬಹುದು. ನೀವು ಬಲೆ ಎಳೆಯುವುದು ಮಧ್ಯಾಹ್ನ ಊಟದ ಹೊತ್ತಿಗೆ ಎಂದು ಆಂಟಿ ಒಮ್ಮೆ ಹೇಳಿದ್ದರು. ಬಿಸಿಲು ಏರಿದಾಗ ಇವು ಆಳಕ್ಕೆ ಇಳಿದುಬಿಡುತ್ತವೆ, ಇದನ್ನು ಮೊದಲ ವರ್ಷದ ವಿದ್ಯಾರ್ಥಿಗಳಿಗೂ ಹೇಳಿಕೊಡುತ್ತೇವೆ. ಬಲೆಯಲ್ಲಿ ತೂತಿದೆಯೇ ಎಂದೂ ನೋಡಿ. ನಿಮ್ಮ ವಯಸ್ಸಿನಲ್ಲಿ ಅಷ್ಟು ದೂರ ಡ್ರೈವ್ ಮಾಡಿ ಹೋಗಿ ದೋಣಿ ಹತ್ತುವುದೇ ದೊಡ್ಡದು. ಆದರೆ ಹವ್ಯಾಸ ಬೇರೆ, ವಿಜ್ಞಾನ ಬೇರೆ.

ಸೌಜನ್ಯ


ಸ್ಯಾನ್ ಪೀಡ್ರೊ
10 ಸೆಪ್ಟೆಂಬರ್ 2023

ಮಾನ್ಯ ಡಾ. ಸೌಜನ್ಯ ಅವರಿಗೆ,

ತಮ್ಮ ಪತ್ರ ತಲುಪಿತು. ನನ್ನ ಬಲೆಯ ಬಗ್ಗೆ, ನನ್ನ ವಯಸ್ಸಿನ ಬಗ್ಗೆ, ನಾನು ಊಟ ಮಾಡುವ ಹೊತ್ತಿನ ಬಗ್ಗೆ ತಾವು ಕೊಟ್ಟ ಸಲಹೆಗಳಿಗೆ ಧನ್ಯವಾದಗಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ತಾವು ಹೇಳಿದ ಹಾಗೆಯೇ ಮಾಡಿದೆ. ಹೊಸ ಬಲೆ ತರಿಸಿದೆ. ಸೂರ್ಯ ಹುಟ್ಟುವ ಹೊತ್ತಿಗೆ ದೋಣಿಯಲ್ಲಿದ್ದೆ. ಮೇಲಿನಿಂದ ತಳದವರೆಗೆ ನಾಲ್ಕು ಕಡೆ ಎಳೆದೆ. ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಆಮೇಲೆ ಕೆರೆಗಿಂತ ಒಂದು ಮೈಲಿ ಮೇಲೆ, ರಸ್ತೆಯೇ ಇಲ್ಲದ ಒಂದು ಸಣ್ಣ ಕೊಳಕ್ಕೆ ನಡೆದುಕೊಂಡು ಹೋದೆ. ಎಪ್ಪತ್ತೊಂದು ವರ್ಷದ ಕಾಲುಗಳಲ್ಲಿ. ಅದೇ ಬಲೆ, ಅದೇ ಹವ್ಯಾಸದ ಮುದುಕ. ಬಾಟಲಿಯಲ್ಲಿ ಎಣಿಸಲಾರದಷ್ಟು ಡ್ಯಾಫ್ನಿಯಾ.

ನಾನು ಹಡಗುಗಳನ್ನು ಅಳೆದವನು. ಹಡಗಿನ ಹೊಟ್ಟೆಯ ಮೇಲಿನ ಅಂಕಿ ಓದಿ ಒಳಗೆಷ್ಟು ಸರಕಿದೆ ಎಂದು ಮೂವತ್ತೊಂದು ವರ್ಷ ಸಹಿ ಹಾಕಿದ್ದೇನೆ. ಕಣ್ಣಿಗೆ ಕಂಡದ್ದನ್ನು ಕಂಡಿಲ್ಲ ಎನ್ನುವುದು ನನಗೆ ಗೊತ್ತಿಲ್ಲ. ಪೇಪರಿನಲ್ಲಿ ಬದುಕಿರುವ ಪ್ರಾಣಿ ನೀರಿನಲ್ಲಿ ಸತ್ತಿದ್ದರೆ ಸುಳ್ಳು ಹೇಳುತ್ತಿರುವುದು ನೀರಲ್ಲ.

ಮೇಲಿನ ಕೊಳದ ಪ್ರಾಣಿಗಳನ್ನು ಫ್ಲಾಸ್ಕಿನಲ್ಲಿ ಹಾಕಿ ಕಳಿಸುತ್ತೇನೆ. ಮಗ ಜುಹೈಬ್ ತಮ್ಮ ಕಡೆಗೇ, ಪೊವೇ ಊರಿನಲ್ಲಿ ಕೆಲಸ ಮಾಡುತ್ತಾನಲ್ಲ, ಅಕ್ಟೋಬರ್ ಹತ್ತೊಂಬತ್ತಕ್ಕೆ ತಮ್ಮ ಲ್ಯಾಬಿಗೆ ತಂದುಕೊಡುತ್ತಾನೆ. ಅವುಗಳ ಮೇಲೆ ಉಪ್ಪಿನ ಪರೀಕ್ಷೆ ಮಾಡಿ. ಫಲಿತಾಂಶ ಏನೇ ಬರಲಿ, ಬರೆದು ಕೊಡಿ. ಮಂಡಳಿಯವರು ಲಿಖಿತ ಆಕ್ಷೇಪಣೆ ತೆಗೆದುಕೊಳ್ಳುವುದು ಜನವರಿ 31ರವರೆಗೆ ಮಾತ್ರ. ಮಾರ್ಚ್ ಹನ್ನೆರಡಕ್ಕೆ ಸಭೆ, ಮತದಾನ.

ಅಸ್ಗರ್


ಲಾ ಹೋಯಾ
21 ಅಕ್ಟೋಬರ್ 2023
(ಕಳಿಸಲಿಲ್ಲ)

ಅಂಕಲ್,

ಗುರುವಾರ ಜುಹೈಬ್ ಫ್ಲಾಸ್ಕ್ ತಂದುಕೊಟ್ಟ. ಇಪ್ಪತ್ತನಾಲ್ಕು ಪ್ರಾಣಿಗಳು, ಎಲ್ಲವೂ ಜೀವಂತ. ಎಷ್ಟು ಜೋಪಾನವಾಗಿ ಕಟ್ಟಿದ್ದಿರಿ ಅಂದರೆ ನೀರಿನ್ನೂ ತಣ್ಣಗಿತ್ತು.

ಉಪ್ಪಿನ ಪರೀಕ್ಷೆ ಸೋಮವಾರ ಶುರು ಮಾಡೋಣ, ಅಲ್ಲಿಯವರೆಗೆ ಸುಧಾರಿಸಿಕೊಳ್ಳಲಿ ಎಂದು ಹದಿನೆಂಟನ್ನು ನನ್ನ ತೊಟ್ಟಿಯ ಒಳ್ಳೆಯ ನೀರಿಗೆ ಬಿಟ್ಟೆ. ಜಾಗ ಸಾಲದೆ ಆರನ್ನು ಹೊಸದಾಗಿ ಬೆರೆಸಿದ ನೀರಿನಲ್ಲಿ ಇಟ್ಟೆ. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಹೊಸ ನೀರಿನ ಆರೂ ಓಡಾಡಿಕೊಂಡಿವೆ. ತೊಟ್ಟಿಯ ಹದಿನೆಂಟೂ ತಳದಲ್ಲಿ ಬಿದ್ದಿವೆ. ನಾನು ಒಂದು ಕಾಳು ಉಪ್ಪೂ ಹಾಕಿರಲಿಲ್ಲ.

ತೊಟ್ಟಿಯ ನೀರನ್ನು ಅಳೆದೆ. ಮೂರೂವರೆ ವರ್ಷದಲ್ಲಿ ಮೊದಲ ಸಲ. ಇಷ್ಟು ದಿನ ಅಳೆದು ಬರೆದಿಟ್ಟದ್ದು ಕ್ಯಾನಿನ ನೀರನ್ನು, ಅದರಲ್ಲಿ ಕ್ಲೋರೈಡ್ ಇಪ್ಪತ್ತು. ತೊಟ್ಟಿಯಲ್ಲಿ ಮುನ್ನೂರ ನಲವತ್ತು. ಬೀಗ ತೆಗೆದ ಮೇಲೂ ನಾನು ಡಿಸ್ಟಿಲ್ಡ್ ವಾಟರಿಗೆ ಹಿಂದಿರುಗಲೇ ಇಲ್ಲ, ಪ್ರಾಣಿಗಳು ಚೆನ್ನಾಗಿವೆಯಲ್ಲ ಎಂದು ಅಭ್ಯಾಸವಾಗಿಬಿಟ್ಟಿತ್ತು. ಸಾರು ಬತ್ತಿದರೆ ಬರೀ ನೀರು ಹಾಕಬೇಕು, ಮತ್ತೆ ಸಾರು ಹಾಕಿದರೆ ಉಪ್ಪಾಗುತ್ತದೆ ಎಂದು ಅಡುಗೆ ಮಾಡುವ ಯಾರಿಗೂ ಗೊತ್ತು. ಆವಿಯಾಗಿ ಹೋದದ್ದು ನೀರು, ಉಳಿದದ್ದು ಲವಣ, ಅದರ ಮೇಲೆ ಪ್ರತಿ ವಾರ ಮತ್ತಷ್ಟು ಲವಣದ ನೀರು ಸುರಿದವಳು ನಾನು. ತಡೆಯಲಾರದವು ಒಂದೊಂದೇ ಸತ್ತು, ತಡೆದವುಗಳ ಮಕ್ಕಳು ಮೊಮ್ಮಕ್ಕಳು ಉಳಿದಿವೆ. ಉಪ್ಪಿನಲ್ಲೇ ಹುಟ್ಟಿ ಬೆಳೆದ ಸಂತತಿಯನ್ನು ಹಿಡಿದು, ಉಪ್ಪು ತಡೆಯುತ್ತದೆ ನೋಡಿ ಎಂದು ಪೇಪರ್ ಬರೆದಿದ್ದೇನೆ.

ನಿಮ್ಮ ಕೆರೆಯವು ಅಂಥವಲ್ಲ. ನೀವು ಹೇಳಿದ್ದು ಸರಿ. ಪೇಪರ್ ಹಿಂತೆಗೆದುಕೊಂಡರೆ ಅರ್ಜಿ ಬೀಳುತ್ತದೆ, ಜೂನ್‌ಗೆ ನಾನು ಹೊರಡಬೇಕು. ಊರಿನಲ್ಲಿದ್ದ ಪರ್ಮನೆಂಟ್ ಕೆಲಸ ಬಿಟ್ಟು ಬಂದವಳು, ಎಲ್ಲಿಗೆ ಹೊರಡಲಿ?


ಲಾ ಹೋಯಾ
23 ಅಕ್ಟೋಬರ್ 2023

ಅಸ್ಗರ್ ಅಂಕಲ್‌ಗೆ,

ಫ್ಲಾಸ್ಕ್ ತಲುಪಿತು. ಬೇಸರದ ವಿಷಯ, ತೆರೆದಾಗ ಎಲ್ಲವೂ ಸತ್ತಿದ್ದವು. ದಾರಿಯಲ್ಲಿ ನೀರು ಬಿಸಿಯಾಗಿರಬೇಕು ಅಥವಾ ಗಾಳಿ ಸಾಲದೆ ಹೋಗಿರಬೇಕು. ಹೀಗಾಗಿ ಪರೀಕ್ಷೆ ಮಾಡಲು ಆಗಲಿಲ್ಲ. ಇಷ್ಟು ಕಷ್ಟಪಟ್ಟು ಕಳಿಸಿದ್ದಕ್ಕೆ ಧನ್ಯವಾದಗಳು.

ಸೌಜನ್ಯ


ಸ್ಯಾನ್ ಪೀಡ್ರೊ
5 ನವೆಂಬರ್ 2023

ಮಗಳೇ ಸೌಜನ್ಯ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ತಪ್ಪು ನನ್ನದೇ. ಮುಚ್ಚಳ ಬಿಗಿ ಮಾಡುವಾಗಲೇ ಜುಹೈಬ್ ಹೇಳಿದ, "ಅಬ್ಬಾಜಾನ್, ಜಾಸ್ತಿ ಟೈಟ್ ಆಯ್ತೇನೋ," ಅಂತ. ನಾನು ಕೇಳಲಿಲ್ಲ. ಅಷ್ಟು ಜೀವ ನನ್ನ ಕೈಯಿಂದ ಹೋಯಿತು. ಚಿಕ್ಕ ಪ್ರಾಣಿ ಇರಬಹುದು, ಆದರೂ ನಾನು ಹಿಡಿದು ತಂದವಲ್ಲವೇ.

ನೀನು ಹವ್ಯಾಸ ಎಂದದ್ದಕ್ಕೆ ನನಗೆ ರೇಗಿತ್ತು. ಈಗ ಯೋಚಿಸಿದರೆ ನೀನು ಹೇಳಿದ್ದರಲ್ಲಿ ಸುಳ್ಳೇನು? ಕಲಿತವರು ಮಾಡುವ ಕೆಲಸಕ್ಕೆ ಕೈ ಹಾಕಬಾರದಿತ್ತು. ನಿನ್ನನ್ನು ಕೊಂಡುಕೊಂಡರೇ ಎಂದು ಕೇಳಿದೆನಲ್ಲ, ಅದಕ್ಕೆ ಕ್ಷಮೆ ಕೇಳು ಎಂದು ರಯೀಸಾ ಮೂರು ತಿಂಗಳಿಂದ ಹೇಳುತ್ತಿದ್ದಾಳೆ. "ಕೋಪದಲ್ಲಿ ಕುಯ್ದ ಮೂಗು ಶಾಂತಿ ಆದ್ಮೇಲೆ ಬರಲ್ಲ ರೀ," ಎನ್ನುತ್ತಾಳೆ. ಕ್ಷಮಿಸು ತಾಯಿ.

ಮೇಲಿನ ಕೊಳ ಹೆಪ್ಪುಗಟ್ಟಿತು, ಇನ್ನು ವಸಂತದವರೆಗೆ ಪ್ರಾಣಿ ಸಿಗುವುದಿಲ್ಲ. ಬಲೆಯನ್ನು ಗುಂಪಿನ ಮನೋಜ್‌ಗೆ ಕೊಟ್ಟುಬಿಟ್ಟೆ. ಗಟ್ಟಿ ಕೈಯವನು, ಅವನೇ ಎಳೆಯಲಿ.

ನಿನ್ನ ಅಂಕಲ್


ಸ್ಯಾನ್ ಪೀಡ್ರೊ
20 ಜನವರಿ 2024

ಸೌಜನ್ಯ,

ನನ್ನ ಕಾಗದಕ್ಕೆ ಉತ್ತರವಿಲ್ಲ, ಕೆಲಸ ಜಾಸ್ತಿಯಿರಬೇಕು. ಆಕ್ಷೇಪಣೆಗೆ ಇನ್ನು ಹನ್ನೊಂದು ದಿನ. ನಮ್ಮ ಗುಂಪಿನ ಅಂಕಿಗಳನ್ನು ಕಳಿಸಿದ್ದೇವೆ. ವಾಲಂಟಿಯರುಗಳ ಲೆಕ್ಕ, ಇದಕ್ಕೆ ಬೆಲೆ ಕೊಡಲಾಗದು ಎಂದು ಆಗಲೇ ಹೇಳಿದ್ದಾರಂತೆ. ನಿನ್ನ ಪೇಪರನ್ನು ಚಳಿಯ ಕೆರೆಗೆ ಹಾಗೇ ಅನ್ವಯಿಸಬಾರದು ಎಂದು ಒಂದೇ ಒಂದು ಸಾಲು ಬರೆದು ಕೊಡಲು ಆಗುತ್ತದೆಯೇ? ಒತ್ತಾಯವಿಲ್ಲ. ನಿನಗೆ ತೊಂದರೆಯಾಗುವುದಾದರೆ ಬೇಡ.

ಅಸ್ಗರ್


ಲಾ ಹೋಯಾ
2 ಮಾರ್ಚ್ 2024

ಅಂಕಲ್,

ಇದರ ಜೊತೆ ಮೂರು ಕಾಗದಗಳಿವೆ. ಮೊದಲನೆಯದು, ಅಕ್ಟೋಬರ್ 21ರಂದು ನಿಮಗೆ ಬರೆದು ಕಳಿಸದೆ ಉಳಿಸಿಕೊಂಡದ್ದು. ಅದನ್ನು ಮೊದಲು ಓದಿ. ಎರಡನೆಯದು, ಪೇಪರ್ ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಅದನ್ನು ಪ್ರಕಟಿಸಿದ ವಿಜ್ಞಾನ ಪತ್ರಿಕೆಗೆ ಮೊನ್ನೆ ಕಳಿಸಿದ ಪತ್ರ. ಮೂರನೆಯದು ಮಂಡಳಿಗೆ.

ಓದಿದಿರಾ? ನಿಮ್ಮ ಪ್ರಾಣಿಗಳು ದಾರಿಯಲ್ಲಿ ಸಾಯಲಿಲ್ಲ. ನಿಮ್ಮ ಮುಚ್ಚಳ ಸರಿಯಾಗಿತ್ತು, ನಿಮ್ಮ ಕೈ ಸರಿಯಾಗಿತ್ತು. ಕೊಂದದ್ದು ನನ್ನ ನೀರು, ಆಮೇಲೆ ನನ್ನ ಸುಳ್ಳು. ಉಳಿದ ಆರು ಪ್ರಾಣಿಗಳು ಹೊಸ ನೀರಿನಲ್ಲಿ ಮರಿ ಹಾಕಿ ನೂರಾರಾಗಿವೆ. ಅವುಗಳ ಮೇಲೆಯೇ ಪರೀಕ್ಷೆ ಮಾಡಿದೆ. ಕ್ಲೋರೈಡ್ ನೂರ ಐವತ್ತಕ್ಕೇ ಮರಿ ಹಾಕುವುದು ಅರ್ಧಕ್ಕೆ ಇಳಿಯುತ್ತದೆ. ಇನ್ನೂರ ಅರವತ್ತರಲ್ಲಿ ಒಂದೂ ಉಳಿಯಲಿಲ್ಲ.

ನಾಲ್ಕು ತಿಂಗಳು ಸುಮ್ಮನಿದ್ದೆ. ಮತ್ತೆ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಡಿಸೆಂಬರಿಗೇ ಖಚಿತವಾಗಿತ್ತು. ನಿಜವಾಗಿ ಕಾಯುತ್ತಿದ್ದದ್ದು ಅರ್ಜಿ ಪಾಸಾಗಲಿ ಎಂದು. ಅದು ಇನ್ನೂ ಆಗಿಲ್ಲ. ವಕೀಲೆ ಇದನ್ನು ಕೇಳಿ, ಇನ್ನು ಅದು ಆಗುವುದೂ ಇಲ್ಲ ಎಂದಳು.

ನನಗೆ ನಿಮ್ಮ ಮೇಲೂ ಕೋಪವಿದೆ ಅಂಕಲ್, ಹೇಳಿಯೇಬಿಡುತ್ತೇನೆ. ನೀವು ಬೈದಿದ್ದರೆ ನಾನು ಜಗಳವಾಡಿಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತಿದ್ದೆ. ಮಾನ್ಯ ಡಾಕ್ಟರ್ ಎಂದು ಬರೆದಾಗ ಎಷ್ಟು ರೋಷ ಬಂದಿತ್ತು, ಆ ರೋಷದ ಮರೆಯಲ್ಲಿ ಏನು ಬೇಕಾದರೂ ಮಾಡಬಹುದಿತ್ತು. ನೀವು ಕ್ಷಮೆ ಕೇಳಿದಿರಿ. ಬಲೆ ಕೊಟ್ಟುಬಿಟ್ಟೆ ಎಂದು ಬರೆದಿರಿ. ತೊಂದರೆಯಾಗುವುದಾದರೆ ಬೇಡ ಎಂದಿರಿ. ಆ ಎರಡು ಕಾಗದಗಳನ್ನು, ಕಳಿಸದ ನನ್ನದರ ಜೊತೆ, ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ, ಆದರೂ ಲ್ಯಾಬಿನಲ್ಲಿ ಕೂರಲು ಆಗಲಿಲ್ಲ.

ಸಭೆಗೆ ಇನ್ನೂ ಹತ್ತು ದಿನವಿದೆ. ಎರಡನೆಯದನ್ನೂ ಮೂರನೆಯದನ್ನೂ ಅಲ್ಲಿ ಓದಿ ಹೇಳಿ. ನಾನು ಬರುವ ಧೈರ್ಯ ಮಾಡಲಾರೆ.

ಸೌಜನ್ಯ


ಸ್ಯಾನ್ ಪೀಡ್ರೊ
14 ಮಾರ್ಚ್ 2024

ಸೌಜನ್ಯ,

ನಿನಗೆ ಎಲ್ಲವನ್ನೂ ನಡೆದ ಹಾಗೆ ತಿಳಿಸುವುದು ನನ್ನ ಕರ್ತವ್ಯ, ಅದಕ್ಕೆ ಬರೆಯುತ್ತಿದ್ದೇನೆ.

ಸಭೆಯಲ್ಲಿ ಐದು ಜನ ಸದಸ್ಯರು. ನನಗೆ ಮೂರು ನಿಮಿಷ ಕೊಟ್ಟರು. ನಿನ್ನ ಎರಡೂ ಪತ್ರಗಳನ್ನು ಓದಿದೆ. ಅಧ್ಯಕ್ಷೆ ಕನ್ನಡಕ ತೆಗೆದು, ಬಹಳ ಗಂಭೀರವಾದ ವಿಷಯ ಎಂದಳು. ಆಮೇಲೆ, ಲಿಖಿತ ದಾಖಲೆಗಳ ಗಡುವು ಜನವರಿ 31ಕ್ಕೆ ಮುಗಿದಿದೆ, ಇದನ್ನು ಕೇಳಿಸಿಕೊಳ್ಳಬಹುದೇ ಹೊರತು ಪರಿಗಣಿಸಲಾಗದು, ನಿಯಮ ಹಾಗಿದೆ ಎಂದಳು. ನಿಯಮವೆಂದರೆ ಎಷ್ಟು ಭಕ್ತಿ ನೋಡು ಇವರಿಗೆ. ಉಪ್ಪಿನ ರಾಶಿಗೆ ಟಾರ್ಪಾಲ್ ಹೊದಿಸಬೇಕೆಂದೂ ನಿಯಮವಿದೆ, ಅದು ಇವರಿಗೆ ಎಂದೂ ನೆನಪಾಗಿಲ್ಲ. ಮತ ಹಾಕಿದರು. ಮೂರು, ಎರಡು. ಹತ್ತು ವರ್ಷ ಅನುಮತಿ.

ಹೊರಗೆ ಪಾರ್ಕಿಂಗ್‌ನಲ್ಲಿ ಒಬ್ಬ ಹತ್ತಿರ ಬಂದ. ರಾಜೀವ್ ಎಂದು ಹೆಸರು, ಬೆಂಗಳೂರಿನವನು. ಆ ವರದಿ ಬರೆದವನೇ ಅವನು. ಹೊಡೆಯಬೇಕು ಅನ್ನಿಸಿತು. ಅವನು ಹೇಳಿದ, "ಅಂಕಲ್, ಈ ಲೆಟರ್ ಜನವರಿಲಿ ಕೈಗೆ ಸಿಕ್ಕಿದ್ರೆ ರಿಪೋರ್ಟ್ ನಾನೇ ವಾಪಸ್ ತಗೋತಿದ್ದೆ. ಆ ಪೇಪರ್ ಬಿಟ್ರೆ ನಮ್ ಹತ್ರ ಬೇರೇನೂ ಇರ್ಲಿಲ್ಲ." ನಿಜವೋ ಸುಳ್ಳೋ, ಅವನ ಮುಖ ನೋಡಿದರೆ ನಿಜವೆನ್ನಿಸಿತು. ಜನವರಿಯಲ್ಲಿ, ಸೌಜನ್ಯ. ನಾನು ಒಂದೇ ಸಾಲು ಬರೆದು ಕೊಡು ಎಂದು ಕೈಮುಗಿದು ಕೇಳಿದ ಜನವರಿಯಲ್ಲಿ, ಉತ್ತರ ನಿನ್ನ ಡ್ರಾಯರಿನಲ್ಲಿತ್ತು.

ಬಂದರಿನಲ್ಲಿ ಹಡಗು ಅಳೆಯುವ ಮೊದಲು ನಾವು ಒಂದು ಕೆಲಸ ಮಾಡುತ್ತಿದ್ದೆವು. ಬಕೆಟ್ ಇಳಿಸಿ, ಆ ಹಡಗು ಆ ಗಳಿಗೆಯಲ್ಲಿ ತೇಲುತ್ತಿರುವ ನೀರನ್ನೇ ಎತ್ತಿ ಉಪ್ಪೆಷ್ಟಿದೆ ಎಂದು ನೋಡುತ್ತಿದ್ದೆವು. ನಿನ್ನೆಯ ನೀರಲ್ಲ, ಪಕ್ಕದ ಹಡಗಿನ ನೀರಲ್ಲ. ನೀನು ಮೂರೂವರೆ ವರ್ಷ ಕ್ಯಾನಿನ ನೀರನ್ನು ಅಳೆದೆ. ಅದನ್ನು ಕ್ಷಮಿಸುತ್ತೇನೆ. ಪ್ರಾಣಿಗಳಿಗೆ ನೀರು ಕಡಿಮೆಯಾಯಿತೆಂದು ಮರುಗಿ ಮಾಡಿದ ತಪ್ಪು, ಯಾರಿಂದಲಾದರೂ ಆಗಬಹುದು. ಆದರೆ ನನ್ನ ಕೈಯಿಂದಲೇ ಅವು ಸತ್ತವು ಎಂದು ನನ್ನನ್ನು ನಂಬಿಸಿದೆಯಲ್ಲ, ಅದನ್ನು ಕ್ಷಮಿಸಲು ಆಗುತ್ತಿಲ್ಲ. ನಾಲ್ಕು ತಿಂಗಳು ನಾನು ಕಾರಿನ ಸ್ಟೀರಿಂಗ್ ಹಿಡಿಯುವಾಗಲೂ ಕೈ ನೋಡಿಕೊಂಡಿದ್ದೇನೆ. ಚಹಾ ಬಗ್ಗಿಸುವುದನ್ನೂ ರಯೀಸಾಳಿಗೆ ಬಿಟ್ಟುಕೊಟ್ಟಿದ್ದೆ. ಅವಳು ನಿನ್ನ ಕಾಗದ ಓದಿ ಮಡಿಸಿಟ್ಟಳು. ಎದ್ದು ಹೋಗಿ ಕೆಟಲ್ ತಂದು ನನ್ನ ಮುಂದೆ ಇಟ್ಟಳು.

ಇನ್ನೊಂದು ವಿಷಯ, ಅದನ್ನೂ ತಿಳಿಸಬೇಕು. ನಾನು ಓದಿ ಮುಗಿಸಿದ ಮೇಲೆ ಒಬ್ಬ ಸದಸ್ಯ ವ್ಯಂಗ್ಯವಾಗಿ ಕೇಳಿದ, ತಾನು ಬರೆದದ್ದು ತಪ್ಪೆಂದು ತಾನೇ ಹೇಳುವ ಇಂಥವಳನ್ನು ನಾವು ಯಾಕೆ ನಂಬಬೇಕು, ಯಾರು ಇವಳು ಎಂದು. ನನ್ನ ಮೂರು ನಿಮಿಷ ಮುಗಿದು ಮೈಕ್ ಆಫ್ ಮಾಡಿದ್ದರು. ಗಟ್ಟಿಯಾಗಿಯೇ ಹೇಳಿದೆ, ಈ ಕೆರೆಗೋಸ್ಕರ ತನ್ನದೇನಾದರೂ ಕಳೆದುಕೊಂಡವರು ಯಾರಾದರೂ ಇದ್ದರೆ ಅವಳೊಬ್ಬಳೇ, ಈ ಕೋಣೆಯಲ್ಲಿ ಇನ್ನು ಯಾರೂ ಇಲ್ಲ ಎಂದು.

ಅದು ಅವರಿಗೆ ಹೇಳಿದ್ದು. ನಿನಗೆ ಹೇಳುವುದಕ್ಕೆ ಸದ್ಯಕ್ಕೆ ನನ್ನ ಹತ್ತಿರ ಕೋಪ ಬಿಟ್ಟರೆ ಏನೂ ಇಲ್ಲ.

ಅಸ್ಗರ್